ಲಾಹಿರಿ ಸಾಹೇಬರ ಮನೆಯ ಚಹಾ

ಬೆಳಿಗ್ಗೆ ಕಾಫಿ ಮುಗಿಸಿದ ಶಂಕರಲಿಂಗ, ಪೇಪರಿನಿಂದ ಕಣ್ಣೆತ್ತದೆ ಸ್ಟೀಲ್ ಲೋಟವನ್ನು ಕಿಟಕಿಯಾಚೆ ಎಸೆದುಬಿಟ್ಟ. ಸಿಯಾಲ್ದಾದ ಆಫೀಸಿನೆದುರು ಹನ್ನೆರಡು ವರ್ಷ ಮಣ್ಣಿನ ಕುಡಿಕೆಯಲ್ಲಿ ಚಹಾ ಕುಡಿದು, ಕುಡಿಕೆಯನ್ನು ಎಸೆದು ಒಡೆದ ಕೈ ಅದು. ಯಜಮಾನನ ಅಪ್ಪಣೆಗೆ ಕಾಯುತ್ತಿರಲಿಲ್ಲ.

ಕೆಳಮನೆಯ ಶೋಭಾ ಲೋಟ ಹಿಡಿದು ಮೇಲೆ ಬಂದಳು. "ತಗೊಳ್ಳಿ ಅಣ್ಣ, ತೊಳೆದೇ ತಂದಿದೀನಿ. ನಾಳೆ ಫಿಲ್ಟರೂ ಎಸೀರಿ, ಡಿಕಾಕ್ಷನ್ ನಾವೇ ಇಳಿಸ್ಕೋತೀವಿ."

ಅವನ ಮುಖ ಇಂಗು ತಿಂದ ಮಂಗನಂತಾಯಿತು.

"ರೀ, ಸಂಜೆ ಚಹಾಕ್ಕೆ ಕರೆದಿರೋ ನಿಮ್ಮ ಆಫೀಸಿನ ಸಾಹೇಬರ ಮನೇಲೂ ಹಿಂಗೇ ಮಾಡಿದ್ರೆ ಮೈಸೂರಿನ ಟ್ರಾನ್ಸ್‌ಫರ್ ಗೋವಿಂದ!" ಎಂದಳು ಹೆಂಡತಿ ಪ್ರಭಾವತಿ. "ನಮ್ಮ ಯೋಗದ ಟೀಚರ್ ಹೇಳ್ತಾರೆ, ಚಹಾ ಕುಡಿಯೋವಾಗ ಚಹಾ ಮಾತ್ರ ಕುಡೀಬೇಕು. ಒಂದೇ ನಿಮಿಷ, ಮನಸ್ಸು ಅಲ್ಲೇ ಇರ್ಲಿ."

ಬಸ್ಸಿನಲ್ಲೇ ಅಭ್ಯಾಸ ಶುರುವಾಯಿತು. ಉಸಿರನ್ನು ಗಮನಿಸುತ್ತ ಕೂತವನ ಸ್ಟಾಪು ದಾಟಿಹೋಯಿತು. "ದಾದಾ, ನಿದ್ದೆ ಮಾಡೋದಾದ್ರೆ ಡಿಪೋವರೆಗೂ ಬನ್ನಿ" ಎಂದ ಕಂಡಕ್ಟರ್.

ಸಂಜೆ ಗಂಡಹೆಂಡಿರಿಬ್ಬರೂ ಲಾಹಿರಿ ಸಾಹೇಬರ ಮನೆಗೆ ಹೋದರು. ಸಾಹೇಬರ ವೃದ್ಧ ತಾಯಿ ತಾವೇ ಚಹಾ ಬಗ್ಗಿಸಿದರು. ಚಿನ್ನದ ಅಂಚಿನ, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಪಿಂಗಾಣಿ ಕಪ್ಪು.

"ನಮ್ಮ ಮಾವನವರದ್ದು. ಆರಿದ್ದವು, ಈಗ ಎರಡೇ" ಎಂದು ಒಂದನ್ನು ಅವನಿಗೆ ಕೊಟ್ಟು, ಇನ್ನೊಂದನ್ನು ತಾವು ಹಿಡಿದರು.

ಶಂಕರಲಿಂಗ ಮನಸ್ಸನ್ನೆಲ್ಲ ಚಹಾದಲ್ಲಿ ಅದ್ದಿದ. ಪರಿಮಳ, ಬಿಸಿ, ಕೊನೆಯ ಗುಟುಕಿನ ಒಗರು, ಒಂದನ್ನೂ ಬಿಡಲಿಲ್ಲ. ಮನಸ್ಸು ಚಹಾದಲ್ಲಿದ್ದುದರಿಂದ ಕೈಯನ್ನು ಕಾಯುವವರು ಯಾರೂ ಇರಲಿಲ್ಲ.

ಫಳ್!

ಕಪ್ಪು ಮೂಲೆಯ ಕಸದ ಬುಟ್ಟಿಗೇ ಹೋಗಿ ಬಿದ್ದಿತ್ತು. ಪ್ರಭಾವತಿ ಕಣ್ಣು ಮುಚ್ಚಿಕೊಂಡಳು. ಭೂಮಿ ಬಾಯಿ ಬಿಡಬಾರದೇ ಎಂದು ಶಂಕರಲಿಂಗ ಬೇಡಿಕೊಂಡ. ಆದರೆ ಅದು ಅಮೃತಶಿಲೆಯ ನೆಲ, ಗಟ್ಟಿಯಾಗಿತ್ತು.

ಅಜ್ಜಿ ಬುಟ್ಟಿಯನ್ನು ನೋಡಿದರು, ಅವನ ಖಾಲಿ ಕೈಯನ್ನು ನೋಡಿದರು. ತಮ್ಮ ಚಹಾವನ್ನು ಗಟಗಟ ಕುಡಿದು, ಕಪ್ಪನ್ನು ಅದೇ ಬುಟ್ಟಿಗೆ ಎಸೆದರು.

ಫಳ್!

"ಬಾಬಾ ರೇ, ಎಂಥಾ ಸುಖ! ಅರವತ್ತು ವರ್ಷ ಒರೆಸಿ ಒರೆಸಿ ಇಟ್ಟೆ!" ಎಂದು ಕಣ್ಣಲ್ಲಿ ನೀರು ಬರುವಂತೆ ನಕ್ಕರು.

ತಪ್ಪಿತಸ್ಥನಾಗಿ ತಾನೊಬ್ಬನೇ ನಿಲ್ಲಬಾರದೆಂದು ಅವರು ಹಾಗೆ ಮಾಡಿದ್ದೆಂದು ಅವನಿಗೆ ತಿಳಿಯಿತು. ಅದರಿಂದ ನಾಚಿಕೆ ಇಮ್ಮಡಿಯಾಯಿತು. ಬಗ್ಗಿ ಅವರ ಕಾಲು ಮುಟ್ಟಿದ.

ಒಳಗಿನಿಂದ ಅವನ ಅರ್ಜಿಯನ್ನೂ ಪೆನ್ನನ್ನೂ ಹಿಡಿದು ಬಂದ ಸಾಹೇಬರ ಕಣ್ಣು ಒದ್ದೆಯಾಗಿತ್ತು.

"ಅಪ್ಪ ಹೋದಮೇಲೆ ಅಮ್ಮ ಹೀಗೆ ನಕ್ಕಿದ್ದೇ ಇಲ್ಲ. ನಿಮ್ಮನ್ನ ಮೈಸೂರಿಗೆ ಕಳಿಸೋಕೆ ನನಗೇನು ಹುಚ್ಚೇ? ಪ್ರತಿ ಭಾನುವಾರ ಬರಬೇಕು!" ಎಂದವರೇ ಅರ್ಜಿಯನ್ನು ಪರ‍್ರನೆ ಹರಿದರು.

ತಲೆ ತಗ್ಗಿಸಿ ಮೆಟ್ಟಿಲಿಳಿಯುತ್ತಿದ್ದವನ ಬೆನ್ನಿಗೆ ಅಜ್ಜಿಯ ಉತ್ಸಾಹದ ದನಿ ಕೇಳಿಸಿತು: "ಸಾಸರ್‌ಗಳು ಇನ್ನೂ ಆರೂ ಇವೆ, ಮಗಾ!"