‘ಆಣಿ ಪಾಸಿಟಿವ್’ ಬಂದ ಬಗ್ಗೆ ನನ್ನ ರಕ್ತದ ಕಾವಲುಗಾರರಿಗೆ

ನನ್ನ ಮೈಯೊಳಗೆ ಹಗಲಿರುಳು ಗಸ್ತು ತಿರುಗುತ್ತಿರುವ ಮಾನ್ಯ ಎ.ಎನ್.ಎ. ಪ್ರತಿಕಾಯಗಳೇ,

ಬೆಟಗೇರಿಯ ಕೈಮಗ್ಗದ ನೇಕಾರ ದೇವಪ್ಪನ ಸಾಷ್ಟಾಂಗ ನಮಸ್ಕಾರಗಳು. ನಲವತ್ತಾರು ವರ್ಷ ತಮ್ಮ ಯೋಗಕ್ಷೇಮ ವಿಚಾರಿಸದಿದ್ದಕ್ಕೆ ಮೊದಲು ಕ್ಷಮೆ ಕೋರುತ್ತೇನೆ. ವರ್ಷಕ್ಕೆ ನಾಲ್ಕು ಸಲ ಬರುವ ನೆಗಡಿಯನ್ನು ಕೈಮುಗಿದು ಒಳಗೆ ಬಿಟ್ಟು, ನನ್ನ ಲಿವರನ್ನೇ ಕಳ್ಳನೆಂದು ತಿಳಿದು ತಿಂಗಳುಗಟ್ಟಲೆ ತದುಕಿದ ತಮ್ಮ ಬಳಗದ ಕರ್ತವ್ಯನಿಷ್ಠೆಯನ್ನು ಏನೆಂದು ಹೊಗಳಲಿ! ಹೊಡೆದವರು ತಾವೇ ಎನ್ನಲಾಗದು, ತಾವು ಹೊಡೆದಾಟದ ಗುರುತು ಮಾತ್ರ ಎಂದು ಡಾಕ್ಟರು ತಮ್ಮ ಪರ ವಹಿಸುತ್ತಾರೆ. ಇರಲಿ.

ಕಣ್ಣು ಹಳದಿಯಾದ ದಿನವೇ ನನ್ನ ತಾಯಿ ಕರೆವ್ವ, ಲಿವರ್ ಕೆಡುವುದು ಕುಡುಕರಿಗೆ ಮಾತ್ರ ಎಂದು ತೀರ್ಮಾನಿಸಿದಳು. ಜನ್ಮದಲ್ಲಿ ಒಂದು ಹನಿಯನ್ನೂ ಮುಟ್ಟದ ನಾನು ಅವಳ ತಲೆಯ ಮೇಲೆ ಕೈಯಿಟ್ಟು ಆಣೆ ಮಾಡಿದೆ. ನಮ್ಮ ಕಡೆಯ ಮಾತಿನಲ್ಲಿ ಅದು ‘ಆಣಿ’. ಆಮೇಲೆ ಗದಗಿನ ಒಂದು ಆಸ್ಪತ್ರೆಯಲ್ಲಿ ರಕ್ತ ಕೊಟ್ಟೆ. ಕಾಮಾಲೆಯ ವೈರಸ್ಸುಗಳೆಲ್ಲ ನೆಗೆಟಿವ್ ಬಂದು, ತಾವು ರಿಪೋರ್ಟಿನಲ್ಲಿ ಒಂದಕ್ಕೆ ಮುನ್ನೂರ ಇಪ್ಪತ್ತರ ಪ್ರಮಾಣದ ವೈಭವದಲ್ಲಿ ಪ್ರತ್ಯಕ್ಷರಾದಿರಿ. ಕೌಂಟರಿನವನು ತಮ್ಮ ಹೆಸರನ್ನು ಬಿಡಿಸಿ ಓದದೆ ‘ಆನಾ ಪಾಸಿಟಿವ್’ ಎಂದ. ನಮ್ಮನ್ನು ಕರೆತಂದಿದ್ದ ಆಟೋದ ಮೌಲಾಸಾಬ ಅದನ್ನು ಕಿವಿ ಮಂದವಾದ ತಾಯಿಗೆ ‘ಆಣಿ ಪಾಸಿಟಿವ್’ ಎಂದು ಕೂಗಿ ಹೇಳಿದ. ಕೊರೊನಾ ಕಾಲದಿಂದ ಅವಳಿಗೆ ಪಾಸಿಟಿವ್ ಎಂದರೆ ಸಿಕ್ಕಿಬಿದ್ದ ಎಂದೇ ಅರ್ಥ. ಮಗನ ಸುಳ್ಳು ಆಣೆ ರಕ್ತದಲ್ಲೇ ಸಿಕ್ಕಿತೆಂದು ಅಂದಿನಿಂದ ನನ್ನೊಡನೆ ಮಾತು ಬಿಟ್ಟಳು.

ಡಾಕ್ಟರು ಪಾಪ, ಅರ್ಧ ತಾಸು ಕೂತು, ಇದು ಕುಡಿತದ್ದಲ್ಲ, ಇವನ ರಕ್ತವೇ ಇವನ ಲಿವರನ್ನು ಹಾಳು ಮಾಡುತ್ತಿದೆ, ಗುಳಿಗೆ ತಪ್ಪಿದರೆ ಲಿವರ್ ಗಟ್ಟಿಯಾಗಿ ಜೀವಕ್ಕೇ ಅಪಾಯವೆಂದು ತಿಳಿಸಿ ಹೇಳಿದರು. ತಾಯಿ ಕೇಳಿದ್ದು ಒಂದೇ ಮಾತು: “ತನ್ನ ಮನಿ ತಾನ ಹಾಳ ಮಾಡ್ಕೊಳ್ಳೂದಕ್ಕ ಕುಡಿಯೂದು ಅನ್ನದ ಮತ್ತೇನಂತಾರ್ರಿ?” ಡಾಕ್ಟರು ಕನ್ನಡಕ ಒರೆಸಿಕೊಂಡರು.

ಆದಕಾರಣ ತಾವು ಬರುವ ಬುಧವಾರ ಮುಂಜಾನೆ, ಜೊತೆಗೇ ಪಾಸಿಟಿವ್ ಬಂದ ತಮ್ಮ ಮಿತ್ರರಾದ ಎ.ಎಸ್.ಎಂ.ಎ. ಎಂಬ ಇನ್ನೊಂದು ಪ್ರತಿಕಾಯದವರನ್ನು ಸಾಕ್ಷಿಗೆ ಕರೆದುಕೊಂಡು, ನನ್ನ ಯಾವುದಾದರೊಂದು ರಕ್ತನಾಳದಿಂದ ಹೊರಬಂದು, ಆಧಾರ್ ಕಾರ್ಡ್ ತೋರಿಸಿ, ಈತ ಕುಡಿದವನಲ್ಲವೆಂದು ತಾಯಿಯ ಕಿವಿಯಲ್ಲಿ ಗಟ್ಟಿಯಾಗಿ ಹೇಳಬೇಕು. ಸಾಧ್ಯವಾದರೆ ಉಳಿದ ಸೇವಾವಧಿಗೆ ನನ್ನ ಕಾಲಿನ ಉಗುರಿಗೆ ವರ್ಗ ಮಾಡಿಸಿಕೊಳ್ಳಿ. ಅಲ್ಲಿ ಎಷ್ಟು ಬಡಿದರೂ ನನ್ನ ತಕರಾರಿಲ್ಲ. ರೊಟ್ಟಿ ಬಡಿಸಿ ಮುಖ ತಿರುಗಿಸುವ ತಾಯಿಯ ಎದುರು ಊಟಕ್ಕೆ ಕೂಡುವುದು ನನ್ನಿಂದ ಆಗುತ್ತಿಲ್ಲ.

ತಮ್ಮೆಲ್ಲರ ಹೊಡೆತಕ್ಕೆ ಇನ್ನೂ ಮನೆ ಒದಗಿಸಿರುವ,
ತಮ್ಮ ವಿಶ್ವಾಸಿ
ದೇವಪ್ಪ, ಬೆಟಗೇರಿ

ತಾ.ಕ.: ಈ ಪತ್ರ ಬರೆದ ಮೇಲೆ ತಮ್ಮ ವಿಳಾಸ ಹುಡುಕುವುದರಲ್ಲೇ ಎರಡು ತಿಂಗಳು ಕಳೆದವು. ತಮ್ಮ ಬಳಗವನ್ನು ಹದ್ದುಬಸ್ತಿನಲ್ಲಿಡುವ ಗುಳಿಗೆಯನ್ನು, ಕುಡಿತ ಬಿಡಿಸುವ ಔಷಧವೆಂದು ನಂಬಿ, ತಾಯಿಯೇ ದಿನವೂ ನನ್ನ ಬಾಯಿಗೆ ಹಾಕುತ್ತಿದ್ದಾಳೆ. ನಿನ್ನೆಯ ರಿಪೋರ್ಟಿನಲ್ಲಿ ಲಿವರಿನ ಬಾವು ಇಳಿದಿದೆ. ತಾಯಿ ನನ್ನೊಡನೆ ನಗುತ್ತಾ ಮಾತಾಡಿದಳು, ಓಣಿಗೆಲ್ಲ ಪೇಢೆ ಹಂಚಿ “ನಮ್ಮ ದೇವಪ್ಪ ಕುಡಿಯೂದು ಬಿಟ್ಟಾನ್ರಿ” ಎಂದು ಹೇಳಿಬಂದಳು. ಮತ್ತೆ ಮಾತು ಬಿಟ್ಟಾಳೆಂಬ ಹೆದರಿಕೆಗೆ, ಕೇಳಿದವರಿಗೆಲ್ಲ ನಾನೂ ಹೌದೆನ್ನುತ್ತಿದ್ದೇನೆ.