ಹನ್ನೊಂದು ಜನ, ಮೂರು ಹಸು, ಒಂದು ದ್ವೀಪ

ಕಡಲನ್ನೇ ಕಾಣದ ಮನುಷ್ಯ ಕಡಲ ನಡುವೆ ಸಂಸಾರ ಹೂಡಲು ಹೊರಟಿದ್ದನ್ನು ನೀವು ಎಲ್ಲಾದರೂ ಕೇಳಿದ್ದೀರಾ? ನಾನು ಕಣ್ಣಾರೆ ಕಂಡಿದ್ದೇನೆ. ಆ ಸಂಸಾರದ ಪಟ್ಟಿಯಲ್ಲಿ ನನ್ನ ಹೆಸರೂ ಇತ್ತು!

ಅವರು ನನ್ನ ಸೋದರಮಾವ. ಬೂದಿಕೋಟೆ ಪಕ್ಕದ ಹಳ್ಳಿಯವರು. ಮೂರು ಹಸು, ಒಂದಿಷ್ಟು ರಾಗಿ ಹೊಲ, ನಾಲ್ಕು ಹುಣಸೆಮರ. ಅವರು ಕಂಡ ಅತಿ ದೊಡ್ಡ ನೀರೆಂದರೆ ಊರ ಮುಂದಿನ ಕೆರೆ, ಅದೂ ತುಂಬಿದ ವರ್ಷ. ಮೊಣಕಾಲುದ್ದ ನೀರಿಗೆ ಇಳಿಯಬೇಕಾದರೂ ಹಸುವಿನ ಬಾಲ ಹಿಡಿದೇ ಇಳಿಯುತ್ತಿದ್ದರು. ಇಂಥವರ ತಲೆಗೆ ದ್ವೀಪದ ಹುಳ ಬಿಟ್ಟವರು ಯಾರು ಎಂದು ನೆಂಟರೆಲ್ಲ ಬಹಳ ದಿನ ವಿಚಾರಣೆ ನಡೆಸಿದರು. ಟಿವಿಯ ಮೇಲೆ ಅನುಮಾನ ಬಂತು, ಮೊಮ್ಮಕ್ಕಳ ಮೊಬೈಲಿನ ಮೇಲೆ ಬಂತು. ಈಗ ಒಪ್ಪಿಕೊಳ್ಳುತ್ತೇನೆ, ಬಿಟ್ಟವಳು ನಾನು.

ಅಮ್ಮ ತೀರಿಕೊಂಡು ಎರಡು ತಿಂಗಳಾಗಿತ್ತು. ಕೆಜಿಎಫ್ಫಿನ ಆಂಡರ್ಸನ್‌ಪೇಟೆಯ ಮನೆಯಲ್ಲಿ ಇದ್ದವರು ನಾವಿಬ್ಬರೇ. ಮುಂದಿನ ಕೋಣೆಯಲ್ಲಿ ನಾನು ಬಟ್ಟೆ ಹೊಲಿಯುತ್ತಿದ್ದೆ, ಅಮ್ಮ ಪಕ್ಕದಲ್ಲಿ ಕೂತು ಗುಂಡಿ ಹಾಕುತ್ತಿದ್ದಳು. ಅವಳು ಹೋದ ಮೇಲೆ ಮಿಷನ್ನಿಗೆ ಒಂದು ಹಳೆಯ ಸೀರೆ ಹೊದಿಸಿ ಸುಮ್ಮನಾಗಿಬಿಟ್ಟೆ. ಮನೆಯೊಳಗೆ ಇರಲಾಗದು, ಬಿಟ್ಟು ಹೋಗಲು ಇನ್ನೊಂದು ಜಾಗವಿಲ್ಲ. ಒಂದು ದಿನ ಮಾಮ ಡೇರಿಗೆ ಹಾಲು ಹಾಕಿ, ಬಸ್ಸು ಹಿಡಿದು ನನ್ನನ್ನು ನೋಡಲು ಬಂದರು. ಅಂದು ಬಾಯಿಬಿಟ್ಟೆ.

"ಮಾಮ, ಈ ಮನೇಲಿ ನನ್ನ ಕೈಲಿ ಇರಕ್ಕಾಗಲ್ಲ. ಎಲ್ಲಾದ್ರೂ ದೂರ ಹೊರಟುಹೋಗ್ತೀನಿ."

ಬೇರೆಯವರಾಗಿದ್ದರೆ ಧೈರ್ಯ ತಂದುಕೋ ಎನ್ನುತ್ತಿದ್ದರು. ಮಾಮ ಕೇಳಿದ್ದು ಒಂದೇ ಮಾತು: "ಎಲ್ಲಿಗೆ?"

ನನಗೇನು ಗೊತ್ತು? ಎದುರು ಗೋಡೆಯಲ್ಲಿ ರಾಬರ್ಟ್‌ಸನ್‌ಪೇಟೆಯ ಯಾವುದೋ ಬಟ್ಟೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ನೀಲಿ ನೀರು, ನಡುವೆ ಒಂದು ಹಿಡಿ ನೆಲ, ಅದರ ಮೇಲೆ ಬಾಗಿದ ತೆಂಗಿನಮರ. "ಅಂಥ ಕಡೆಗೆ" ಎಂದು ಕೈ ತೋರಿಸಿದೆ.

ಮಾಮ ಎದ್ದು ಹೋಗಿ ಚಿತ್ರಕ್ಕೆ ಮೂಗು ತಾಗಿಸಿ ನೋಡಿದರು. "ಒಬ್ಬಳನ್ನೇ ಎಂಗಮ್ಮ ಕಳಿಸಾದು? ಓದ್ರೆ ಎಲ್ರೂ ಓಗೋಣ" ಎಂದು ಕ್ಯಾಲೆಂಡರನ್ನು ಮೊಳೆಯಿಂದ ತೆಗೆದು, ಸುತ್ತಿ, ಕಂಕುಳಲ್ಲಿ ಇಟ್ಟುಕೊಂಡು ಹೊರಟೇಬಿಟ್ಟರು. ಅಮಾವಾಸ್ಯೆ, ಏಕಾದಶಿ, ರಾಹುಕಾಲ ಎಲ್ಲವೂ ಅದರ ಜೊತೆಗೇ ಹೋದವು. ಆ ವರ್ಷ ಪೂರ್ತಿ ನನಗೆ ತಾರೀಖೇ ಗೊತ್ತಾಗಲಿಲ್ಲ!

ಎಲ್ಲರೂ ಎಂದರೆ ಎಷ್ಟು ಜನ ಅಂದುಕೊಂಡಿರಿ? ಮಾಮ, ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯರು, ಮೂವರು ಮೊಮ್ಮಕ್ಕಳು, ಅತ್ತೆಯ ಮುದಿ ತಾಯಿ, ನಾನು. ಹನ್ನೊಂದು. ಮೇಲೆ ಮೂರು ಹಸು.

ದ್ವೀಪದ ಹೆಸರು ಕೊಟ್ಟವರು ನಮ್ಮ ಬೀದಿಯ ಟೀ ಅಂಗಡಿಯವರು. ಅವರ ಷಡ್ಡಕ ಅಂಡಮಾನಿನಲ್ಲಿದ್ದನಂತೆ. "ಅಂಗೆ ನಮ್ಮ ಆಳುಂಗ ನೆರೆಯ ಇರುಕ್ಕಾಂಗ, ಅಣ್ಣಾ" ಎಂದರು. ನಮ್ಮವರು ಅಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ. ತೆಲುಗಿನವರೂ ಇದ್ದಾರೆ ಎಂದು ಗೊತ್ತಾದ ಮೇಲಂತೂ ಮಾಮನನ್ನು ಹಿಡಿಯುವವರೇ ಇಲ್ಲ.

"ತಮಿಳು ಐತೆ, ತೆಲುಗು ಐತೆ. ನಾವೋಗಿ ಕನ್ನಡ ಸೇರಿಸಿದ್ರೆ ಅದೂ ಕೆಜಿಎಫ್ಫೇ ಕಣಮ್ಮ! ಸುತ್ತ ನೀರು ಒಂದು ಜಾಸ್ತಿ, ಅಷ್ಟೆ."

ಅತ್ತೆ ಅಷ್ಟು ಸುಲಭಕ್ಕೆ ಬಗ್ಗುವವರಲ್ಲ. "ಅಲ್ಲಿ ರಾಗಿ ಬೆಳೀತದಾ? ಮುದ್ದೆ ಇಲ್ದಿರೋ ಊರಿಗೆ ನಾನು ಎಣವಾದ್ರೂ ಬರಕಿಲ್ಲ" ಎಂದು ಖಡಾಖಂಡಿತವಾಗಿ ಹೇಳಿದರು. ಮಾಮ ವಾದ ಮಾಡಲಿಲ್ಲ. ಬಂಗಾರಪೇಟೆ ಸಂತೆಯಿಂದ ಒಂದು ಮೂಟೆ ಕಲ್ಲುಪ್ಪು ತಂದರು. ಆರು ಹಳೇ ಎಣ್ಣೆ ಡಬ್ಬಗಳಿಗೆ ಮಣ್ಣು ತುಂಬಿ ರಾಗಿ ಬಿತ್ತಿ, ದಿನಾ ಎರಡು ಹೊತ್ತು ಉಪ್ಪುನೀರು ಹಾಕತೊಡಗಿದರು. ಹಾಕಿದವರು ಬೆಳಿಗ್ಗೆ ಎದ್ದು ಆರು ಡಬ್ಬಕ್ಕೂ ಬಗ್ಗಿ ನೋಡುವುದು. ಒಂದು ವಾರವಾದರೂ ಏನೂ ಇಲ್ಲ. ಹತ್ತನೇ ದಿನ ಕೊನೆಯ ಡಬ್ಬದಲ್ಲಿ ಹಸಿರು! ಮಾಮ ಮೊಮ್ಮಗನ ಫೋನಿನಿಂದ ನನಗೆ ಕೂಗಿ ಹೇಳಿದರು: "ಆರಕ್ಕೆ ಒಂದು ಬಂತು ಕಣಮ್ಮ! ಸಮುದ್ರದಾಗೂ ರಾಗಿ ಬೆಳೀಬೋದು!"

ಆ ಡಬ್ಬಕ್ಕೆ ಕದ್ದು ಸಿಹಿನೀರು ಹಾಕುತ್ತಿದ್ದವರು ಅತ್ತೆಯೇ. "ಏನ್ಮಾಡ್ಲಮ್ಮ, ದಿನಾ ಓಗಿ ಬಗ್ಗಿ ಬಗ್ಗಿ ನೋಡ್ತಾರೆ. ನೋಡಕ್ಕಾಗ್ನಿಲ್ಲ" ಎಂದು ನನ್ನ ಕಿವಿಯಲ್ಲಿ ಹೇಳಿದರು. ತಾವೇ ಹೂಡಿದ ವಾದವನ್ನು ತಾವೇ ನೀರೆರೆದು ಸೋಲಿಸಿಕೊಂಡ ಹೆಂಗಸನ್ನು ನಾನು ಇನ್ನೆಲ್ಲೂ ಕಂಡಿಲ್ಲ.

ಹಡಗಿನಲ್ಲಿ ಮೂರು ದಿನ ತಲೆ ಸುತ್ತುತ್ತದೆ ಎಂದು ಯಾರೋ ಹೆದರಿಸಿದರು. ಅದಕ್ಕೂ ಮದ್ದು ಸಿಕ್ಕಿತು: ಬೂದಿಕೋಟೆಯಿಂದ ಬಂಗಾರಪೇಟೆಗೆ ಹೋಗುವ ಬಸ್ಸಿನ ಕೊನೇ ಸೀಟು! ಮುಂದೆ ಜಾಗ ಖಾಲಿ ಇದ್ದರೂ ಮನೆಯವರೆಲ್ಲ ಹಿಂದೆಯೇ ಕೂರಬೇಕು. ಸೊಸೆಯಂದಿರು ಪಾಸಾದರು. ಅತ್ತೆಯ ಮುದಿ ತಾಯಿ ನಿದ್ದೆ ಹೊಡೆದು ಫಸ್ಟ್ ಕ್ಲಾಸಿನಲ್ಲಿ ಪಾಸಾದರು. ಫೇಲಾದವರು ಒಬ್ಬರೇ. ಕಿಟಕಿಯಿಂದ ತಲೆ ಒಳಗೆ ತಂದು, ಬಾಯಿ ಒರೆಸಿಕೊಂಡು ಮಾಮ ಹೇಳಿದರು: "ಅದು ಬಸ್ಸಿಂದಲ್ಲ, ಬೋಂಡದ್ದು."

ನನಗೂ ಒಂದು ಕೆಲಸ ಬಂತು. ಮಾಮ ಮನೆಯವರನ್ನೆಲ್ಲ ಕಟ್ಟಿಕೊಂಡು ನನ್ನ ಮನೆಗೇ ಬಂದರು. "ಅಲ್ಲಿ ಸೆಕೆ ಜಾಸ್ತಿಯಂತೆ. ಹನ್ನೊಂದು ಜನಕ್ಕೂ ತೆಳುಬಟ್ಟೇಲಿ ಎರಡೆರಡು ಜೊತೆ ಒಲಿಯಮ್ಮ. ಗಾಳಿ ಆಡೋ ಅಂಗೆ ಸಡಿಲ ಇರ್ಲಿ." ಇಲ್ಲ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ದೊಡ್ಡ ಸೊಸೆ ಅಳತೆ ಕೊಡಲು ಎದ್ದು ನಿಂತಾಗಿತ್ತು. ಮಿಷನ್ನಿನ ಮೇಲಿನ ಸೀರೆ ತೆಗೆದೆ. ಅಳತೆ ಕೊಡಲು ಬಂದವರು ಸುಮ್ಮನೆ ಹೋಗುತ್ತಾರೆಯೇ? ಅವರೆಕಾಳು ಸುಲಿದರು, ಸಾರು ಮಾಡಿದರು, ಉಂಡು, ಮಧ್ಯಾಹ್ನದ ನಿದ್ದೆಗೆ ಅಲ್ಲೇ ಚಾಪೆ ಹಾಸಿಕೊಂಡರು. ಗುಂಡಿ ಹಾಕಲು ಜನವಿಲ್ಲ ಎಂದಾಗ ಮಾಮ ಅಮ್ಮನ ಜಾಗದಲ್ಲಿ ಕೂತರು. ಹಾಲು ಕರೆಯುವ ಆ ದಪ್ಪ ಬೆರಳುಗಳಿಗೆ ಸೂಜಿ ಸಿಕ್ಕಿದರೆ ಏನಾಗಬೇಡ! ಒಂದು ಗುಂಡಿಗೆ ಅರ್ಧ ಉಂಡೆ ದಾರ.

"ಮಾಮ, ಗುಂಡಿ ಹಾಕ್ತಿದ್ದೀಯೋ, ಕರು ಕಟ್ತಿದ್ದೀಯೋ?"

"ಸಮುದ್ರದ ಗಾಳಿ ಕಣಮ್ಮ. ಕಿತ್ಕೊಂಡು ಓಗ್ಬಾರ್ದು."

ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ನಾನು ನಕ್ಕೆ. ನನಗೇ ಆಶ್ಚರ್ಯವಾಗಿ ಸುತ್ತ ನೋಡಿದೆ.

ಕೊನೆಗೆ ಉಳಿದದ್ದು ಹಸುಗಳ ಪ್ರಶ್ನೆ. ಬಂಗಾರಪೇಟೆ ಸ್ಟೇಷನ್ನಿನಲ್ಲಿ ಸಾಲಿನಲ್ಲಿ ನಿಂತು ಮಾಮ ಕೇಳಿದರು: "ಸ್ವಾಮಿ, ಅಸೂಗೆ ಅರ್ಧ ಟಿಕೆಟ್ಟಾ, ಫುಲ್ಲಾ?"

ಕಿಟಕಿಯೊಳಗಿದ್ದವರು ಕನ್ನಡಕ ತೆಗೆದರು. "ಯಜಮಾನ್ರೇ, ಎಲ್ಲಿಗೆ?"

"ಅಂಡಮಾನ್‌ಗೆ."

"ಅಲ್ಲಿಗೆ ರೈಲೇ ಇಲ್ಲ. ಚೆನ್ನೈಗೆ ಹೋಗಿ ಹಡಗು ಹತ್ತಬೇಕು."

"ಗೊತ್ತು ಸ್ವಾಮಿ. ಚೆನ್ನೈಗಂಟ ನಿಂತ್ಕೊಂಡೇ ಬತ್ತದೆ. ಸೀಟು ಬ್ಯಾಡ."

ಸಾಲಿನಲ್ಲಿದ್ದವರೆಲ್ಲ ನಕ್ಕರಂತೆ. ಆದರೆ ಹಸು ಜೊತೆಗೆ ಬರಲಾರದು ಎಂಬುದು ಅಂದು ಮಾಮನಿಗೆ ಅರ್ಥವಾಯಿತು. ಎರಡು ಹಸುಗಳನ್ನು ಯಾರಿಗಾದರೂ ಕೊಡಬಹುದು. ಮೂರನೆಯದು ಗೌರಿ. ಮಾಮ ಬೆನ್ನು ಸವರದೆ ಅದು ಒಂದು ತೊಟ್ಟು ಹಾಲು ಇಳಿಸುತ್ತಿರಲಿಲ್ಲ. ನೆಂಟರ ಮದುವೆಗೆ ಹೋದರೂ ಮಾಮ ಸಂಜೆ ಹಾಲು ಕರೆಯುವ ಹೊತ್ತಿಗೆ ಮನೆಗೆ ಬಂದುಬಿಡುತ್ತಿದ್ದುದು ಇದಕ್ಕೇ.

ನಾನು ಹೊಲಿದ ಬಟ್ಟೆಗಳ ಗಂಟು ಹೊತ್ತು ಹಳ್ಳಿಗೆ ಹೋದ ದಿನ, ಮಾಮ ಜಗಲಿಯ ಮೇಲೆ ಬೀದಿಗೆ ಬೆನ್ನು ಹಾಕಿ, ಗೋಡೆ ನೋಡುತ್ತ ಕೂತಿದ್ದರು. ಎದುರು ಮನೆಯ ಕೊಟ್ಟಿಗೆಯಿಂದ ಹಸುವೊಂದು ಒಂದೇ ಸಮ ಕೂಗುತ್ತಿತ್ತು.

"ಗೌರಿ ಅಲ್ವಾ ಮಾಮ?"

"ಊಂ. ಅಲ್ಲಿ ಕಟ್ಟಿವ್ನಿ. ಅವ್ರ ಕೈ ಅಭ್ಯಾಸ ಆಗ್ಲಿ ಅಂತ. ಎರಡು ದಿನ ಕೂಗ್ತದೆ, ಆಮೇಲೆ ಮರೀತದೆ."

"ಮತ್ತೆ ನೀನು?"

"ನಂದೇನಮ್ಮ. ನಾನು ಕೂಗಲ್ಲ."

ಅತ್ತೆ ಬಾಗಿಲಲ್ಲಿ ನಿಂತು ಕೈಸನ್ನೆ ಮಾಡಿದರು: ನಿನ್ನೆಯಿಂದ ಊಟ ಮಾಡಿಲ್ಲ. ನಾನು ಅಷ್ಟು ದಿನ ಇದೊಂದು ಮುದುಕರ ಆಟ ಅಂದುಕೊಂಡಿದ್ದೆ. ಈ ಮನುಷ್ಯ ನಿಜವಾಗಿಯೂ ಹೊರಟಿದ್ದರು! ನಾನು ಬಾಯಿತಪ್ಪಿ ಆಡಿದ ಒಂದು ಮಾತಿಗೆ, ಈಜು ಬಾರದವರು, ಬಸ್ಸು ಹತ್ತಿದರೆ ವಾಂತಿ ಮಾಡುವವರು.

ಗಂಟು ಕೆಳಗಿಟ್ಟೆ. "ಮಾಮ, ನಾನು ಎಲ್ಲಿಗೂ ಹೋಗಲ್ಲ. ಅಮ್ಮನ ಮನೇಲೇ ಇರ್ತೀನಿ."

ತಿರುಗಿ ನನ್ನ ಮುಖ ನೋಡಿದರು. "ಇರಕ್ಕಾಯ್ತದಾ?"

"ಆಗುತ್ತೆ."

"ನಿಜವಾ?"

"ನಿಜ."

ಯಾಕೆ ಎನ್ನಲಿಲ್ಲ, ಇಷ್ಟೆಲ್ಲ ಮಾಡಿದ ಮೇಲೆ ಈಗಲಾ ಎನ್ನಲಿಲ್ಲ. ಚಪ್ಪಲಿ ಮೆಟ್ಟದೆ ಎದುರು ಮನೆಗೆ ಓಡಿದರು. ಗೌರಿಯ ಕೂಗು ನಿಂತಿತು. ಉಳಿದ ಕಲ್ಲುಪ್ಪನ್ನು ಅತ್ತೆ ಆ ವರ್ಷದ ಹುಣಸೆಹಣ್ಣಿಗೆ ಬೆರೆಸಿ ಮಡಕೆಗೆ ತುಂಬಿದರು. ಅದರಲ್ಲೊಂದು ಭರಣಿ ನನ್ನ ಅಡುಗೆಮನೆಯಲ್ಲಿ ಇನ್ನೂ ಇದೆ. ಅಂಡಮಾನ್ ಕಂಡಿಲ್ಲ, ಅದರ ಉಪ್ಪಿನ ಸಾರು ಉಂಡಿದ್ದೇನೆ! ತೆಳುಬಟ್ಟೆಗಳನ್ನು ಎಲ್ಲರೂ ಬೇಸಿಗೆಯಲ್ಲಿ ಉಟ್ಟು ಹರಿದರು. ಮಾಮ ಮಾತ್ರ ಒಂದು ಅಂಗಿಯನ್ನು ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. "ನಿಂಗೆ ಮನಸ್ಸು ತಿರುಗಿದ್ರೆ ಇರ್ಲಿ" ಎನ್ನುತ್ತಿದ್ದರು.

ನನ್ನ ಮನಸ್ಸು ತಿರುಗಲಿಲ್ಲ. ಮುಂದಿನ ಕೋಣೆಯಲ್ಲಿ ಮಿಷನ್ನು ಓಡುತ್ತಿದೆ.

ಮಾಮ ಹೋಗಿ ಎಂಟು ತಿಂಗಳಾಯಿತು. ಹೋದರೆ ಎಲ್ಲರೂ ಹೋಗೋಣ ಎಂದವರು ಒಬ್ಬರೇ ಹೋದರು. ಅಂದು ಹೊಸ ಪಂಚೆ ಉಡಿಸಿ, ಅಂಗಿ ಯಾವುದು ಎಂದು ಮಕ್ಕಳು ಹುಡುಕುತ್ತಿದ್ದಾಗ ಅತ್ತೆ ಪೆಟ್ಟಿಗೆಯಿಂದ ಆ ಅಂಗಿ ತಂದು ನನ್ನ ಕೈಗೆ ಕೊಟ್ಟರು.

"ಇದನ್ನೇ ತೊಡಿಸಮ್ಮ. ಓಗೋ ಕಡೆ ಎಂಗೈತೋ ಏನೋ. ಸೆಕೆ ಇದ್ರೆ?"

ತೊಡಿಸಿದೆ. ಅವರು ಹೇಳಿದಂತೆ ಸಡಿಲವಾಗಿಯೇ ಇತ್ತು. ಒಂದೊಂದಾಗಿ ಗುಂಡಿ ಹಾಕಿದೆ. ಎಲ್ಲವೂ ಅವರೇ ಹೊಲಿದವು, ಅರ್ಧ ಉಂಡೆ ದಾರದವು. ಒಂದೂ ಅಲುಗಲಿಲ್ಲ.