ಗೋಡೆಯ ಸಂದಿನಲ್ಲಿ ನಿಂತುಹೋದ ಟ್ರ್ಯಾಕ್ಟರ್

ಭಾಮೈದ: ಇಂಜಿನ್ ನಿಮ್ಮ ಕಾಂಪೌಂಡಲ್ಲಿದೆ ಭಾವ, ಕಣ್ಬಿಟ್ಟು ನೋಡಿ. ಕೆಟ್ಟಿರೋದು ಇಂಜಿನ್ನು. ರಿಪೇರಿ ನಿಮ್ದು.

ಭಾವ: ಸೀಟು ನಿನ್ನ ಕಾಂಪೌಂಡಲ್ಲಿದೆ. ಸೀಟಿನ ಮೇಲೆ ನೀನು ಕೂತಿದ್ದೀಯ. ಓಡಿಸ್ತಾ ಇದ್ದೋನು ಎಲ್ಲಿದ್ದಾನೋ ಅಲ್ಲೇ ಕೆಟ್ಟಿದೆ ಅಂತ ಲೆಕ್ಕ. ರಿಪೇರಿ ನಿಂದು.

ಭಾಮೈದ: ಹೊಟ್ಟೆನೋವು ಬಂದ್ರೆ ಡಾಕ್ಟ್ರು ಹೊಟ್ಟೆ ಮುಟ್ಟಿ ನೋಡ್ತಾರೋ, ಬೆನ್ನು ಮುಟ್ಟಿ ನೋಡ್ತಾರೋ?

ಭಾವ: ಮೊದಲು ಏನು ತಿಂದೆ ಅಂತ ಕೇಳ್ತಾರೆ. ಪೆಟ್ರೋಲ್ ಟ್ಯಾಂಕ್ ಸೀಟಿನ ಕೆಳಗಿದೆ. ಅಂದ್ರೆ ನಿನ್ನ ಕಡೆ. ತಿನ್ನಿಸಿದೋನು ನೀನು!

ಅಕ್ಕಪಕ್ಕದ ಎರಡು ಮನೆ, ನಡುವೆ ಗೋಡೆ. ಗೋಡೆಯಲ್ಲೊಂದು ಸಂದು. ಆ ಸಂದಿನಲ್ಲಿ ತೋಟದ ಪುಟ್ಟ ಹಳೇ ಟ್ರ್ಯಾಕ್ಟರ್ ಮೂತಿ ಭಾವನ ಕಡೆಗೆ, ಬೆನ್ನು ಭಾಮೈದನ ಕಡೆಗೆ ಮಾಡಿಕೊಂಡು ಸರಿಯಾಗಿ ಅರ್ಧಕ್ಕೆ ನಿಂತಿದೆ. ಭಾವ ನಿವೃತ್ತ ಡ್ರಿಲ್ ಮೇಷ್ಟ್ರು. ಭಾಮೈದ ಫೋಟೋ ಸ್ಟುಡಿಯೋ ಇಟ್ಟವನು. ಮಳೆಗಾಲವಿಡೀ ಟ್ರ್ಯಾಕ್ಟರ್ ಭಾವನದು, ಚಳಿಗಾಲ ಬೇಸಿಗೆ ಭಾಮೈದನದು. ಕೈ ಬದಲಾಗುವ ದಿನಕ್ಕೊಂದು ನಿಯಮವಿದೆ: ಇಂಜಿನ್ ಓಡುತ್ತಿರುವಾಗಲೇ ಒಬ್ಬ ಇಳಿಯಬೇಕು, ಇನ್ನೊಬ್ಬ ಹತ್ತಬೇಕು. ಯಾರ ಕೈಯಲ್ಲಿ ನಿಂತಿತೋ ರಿಪೇರಿ ಅವರದು. ಹಂಚಿಕೊಂಡ ವಸ್ತುವಿನ ಸುಖಕ್ಕೆ ವಾರಸುದಾರರು ಸಾಲುಗಟ್ಟಿ ನಿಲ್ಲುತ್ತಾರೆ, ಸವೆತಕ್ಕೆ ಮಾತ್ರ ಅದು ಅನಾಥ. ಇವತ್ತು ಕೈ ಬದಲಾಗುವ ದಿನ.

ಭಾವ: ಚಳಿಗಾಲದಲ್ಲಿ ಇದಕ್ಕೇನು ಆರೈಕೆ ಮಾಡ್ದೆ, ಹೇಳು.

ಭಾಮೈದ: ರಗ್ಗು ಹೊದಿಸಿದೆ! ನಾನು ಹೊದೆಯೋ ರಗ್ಗು. ನಾನು ಬರೀ ಬೆಡ್‌ಶೀಟ್ ಸುತ್ಕೊಂಡು ನಡುಗಿದೆ.

ಭಾವ: ಆ ರಗ್ಗೊಳಗೆ ಇಲಿ ಸಂಸಾರ ಹೂಡ್ತು.

ಭಾಮೈದ: ಬೆಚ್ಚಗಿತ್ತು ಅನ್ನೋದಕ್ಕೆ ಅದಕ್ಕಿಂತ ಸಾಕ್ಷಿ ಬೇಕಾ?

ಭಾವ: ಬೇಸಿಗೇಲಿ?

ಭಾಮೈದ: ಟೈರು ಬಿಸಿಲಿಗೆ ಬಿರಿಯುತ್ತೆ ಅಂತ ಕೊಡೆ ಕಟ್ಟಿದೆ. ಕೂದಲು ಉದುರಿದ ನನ್ನ ತಲೆಗೆ ಕೊಡೆ ಇಲ್ಲ, ಇದರ ತಲೆಗೆ ಕೊಡೆ!

ಭಾವ: ಇಂಜಿನ್ ಆಯಿಲ್ ಬದಲಾಯಿಸಿದೆಯಾ?

ಭಾಮೈದ: ಆಯಿಲ್ ಕಪ್ಪಾಗೋದು ಮಳೆಗಾಲದಲ್ಲಿ, ನೀವು ಹುಲ್ಲು ಹೊಡೆಯೋವಾಗ. ಕಪ್ಪು ಮಾಡಿದೋರು ಬದಲಾಯಿಸ್ಲಿ.

ಭಾವ: ನಾನು ಕೊಟ್ಟಾಗ ಜೇನುತುಪ್ಪದ ಬಣ್ಣ ಇತ್ತು.

ಭಾಮೈದ: ನೋಡಿದ್ರಾ?

ಭಾವ: ನೋಡೋದೇನು? ನಾನು ಬಳಸಿದ್ದು ಹಾಗೇ ಇರುತ್ತೆ.

ಭಾಮೈದ: ಹಾಗಾದ್ರೆ ಆಯಿಲ್ ಅಳೆಯೋ ಕಡ್ಡಿ ಎಳೆದು ನೋಡಿ ಈಗ. ನಿಮ್ಮ ಕಡೇನೇ ಇದೆ.

ಭಾವ: ಅಷ್ಟು ದಡ್ಡ ಅನ್ಕೊಂಡ್ಯಾ? ಕಡ್ಡಿ ಎಳೆದ್ರೆ ನಾನು ಕೈ ಹಾಕಿದ ಹಾಗೆ. ಕೈ ಹಾಕಿದ್ರೆ ವಹಿಸ್ಕೊಂಡ ಹಾಗೆ.

ಭಾವ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ. ಅದನ್ನು ನೋಡಿ ಭಾಮೈದನೂ ಸ್ಟೀರಿಂಗಿನಿಂದ ಕೈ ತೆಗೆದು ಕಂಕುಳಲ್ಲಿ ಬಚ್ಚಿಟ್ಟುಕೊಂಡ. ಅಷ್ಟರಲ್ಲಿ ಭಾವನ ಹಿತ್ತಲಿನಿಂದ ಅಕ್ಕ ಬಂದಳು. ಒಬ್ಬನ ಹೆಂಡತಿ, ಇನ್ನೊಬ್ಬನ ಒಡಹುಟ್ಟಿದವಳು. ಕೈಯಲ್ಲಿ ಬಕೆಟ್ಟು, ಕಣ್ಣು ಆಕಾಶದ ಮೇಲೆ.

ಅಕ್ಕ: ರೀ, ಮೋಡ ನೋಡಿದ್ರಾ? ಬೀನ್ಸ್ ಬೀಜ ನೆನೆದು ಊದ್ಕೊಂಡಿದೆ. ಮಳೆ ಹಿಡಿಯೋಕೆ ಮುಂಚೆ ನನ್ನ ತರಕಾರಿ ಮಡಿ ಉಳಬೇಕು. ಇವತ್ತು ಬಿಟ್ರೆ ಬಕೆಟ್ಟಲ್ಲೇ ಕೊಳೆಯುತ್ತೆ.

ಭಾವ: ಮೊದಲು ಹುಲ್ಲು, ಆಮೇಲೆ ಮಡಿ. ಪ್ರತಿ ವರ್ಷದ ಕ್ರಮ ಅದು.

ಅಕ್ಕ: ಪ್ರತಿ ವರ್ಷ ಹುಲ್ಲಿನ ಮೇಲೆ ಮೆರವಣಿಗೆ ಹೋಗ್ತೀರಿ, ಅಷ್ಟರಲ್ಲಿ ಮಳೆ ಬರುತ್ತೆ. ಮಡಿ ನಾನು ಗುದ್ದಲಿ ಹಿಡಿದು ಅಗೀತೀನಿ. ಹೋದ ವರ್ಷ ಬಗ್ಗಿದ ಸೊಂಟ ಇನ್ನೂ ನೆಟ್ಟಗಾಗಿಲ್ಲ.

ಭಾವ: ವ್ಯಾಯಾಮ ಆಯ್ತಲ್ಲ?

ಅಕ್ಕ: ಹುಲ್ಲಿಗೇನು ಅವಸರ? ಹುಲ್ಲನ್ನ ಯಾರಾದ್ರೂ ಊಟಕ್ಕೆ ಬಡಿಸ್ತಾರಾ?

ಭಾಮೈದ: ಅಕ್ಕ, ನೀನು ಮಧ್ಯೆ ಬರಬೇಡ. ಇದು ತತ್ವದ ಪ್ರಶ್ನೆ.

ತತ್ವ ಅಂದರೆ ಏನೆಂದು ಆಮೇಲೆ ತಿಳಿಯಿತು. ಭಾಮೈದ ಇಳಿದು ಟ್ರ್ಯಾಕ್ಟರನ್ನು ಹಿಂದಿನಿಂದ ನೂಕತೊಡಗಿದ, ಪೂರ್ತಿ ಭಾವನ ಕಡೆಗೆ ಹೋಗಲಿ ಎಂದು. ಭಾವ ಮುಂದಿನಿಂದ ನೂಕತೊಡಗಿದ, ಪೂರ್ತಿ ಭಾಮೈದನ ಕಡೆಗೆ ಹೋಗಲಿ ಎಂದು. ಟ್ರ್ಯಾಕ್ಟರ್ ಮಿಸುಕಲಿಲ್ಲ. ಇಬ್ಬರ ಮುಖವೂ ಟೊಮ್ಯಾಟೊ ಆಯಿತು. ಕೊನೆಗೆ ಭಾವ ಜೇಬಿನಿಂದ ವಿಷಲ್ ತೆಗೆದು ಊದಿದ. ಭಾಮೈದ ಥಟ್ಟನೆ ಕೈಬಿಟ್ಟು ಅಟೆನ್ಶನ್ನಲ್ಲಿ ನಿಂತ. ಟ್ರ್ಯಾಕ್ಟರ್ ಒಂದು ಗೇಣು ಹಿಂದೆ ಸರಿಯಿತು.

ಭಾಮೈದ: ಇದು ಅನ್ಯಾಯ! ಸ್ಕೂಲಲ್ಲಿ ನಿಮ್ಮ ಕೈಲಿ ಡ್ರಿಲ್ ಕಲಿತ ಕಾಲು ಇವು, ವಿಷಲ್ ಕೇಳಿದ್ರೆ ನನ್ನ ಮಾತು ಕೇಳಲ್ಲ! ಒಂದು ಗೇಣು ವಾಪಸ್ ಕೊಡಿ!

ಭಾವ: ಕೊಡಲ್ಲ. ಗೆದ್ದ ನೆಲ.

ಅಕ್ಕ ಬಕೆಟ್ಟನ್ನು ಗೋಡೆಯ ಬುಡದಲ್ಲಿಟ್ಟಳು. ಸೆರಗು ಸಿಕ್ಕಿಸಿಕೊಂಡು ಬಾನೆಟ್ಟಿನ ಮೇಲೆ ಹತ್ತಿ, ಆಚೆ ದಾಟಿ, ಸೀಟಿನ ಮೇಲೆ ಕೂತಳು.

ಭಾವ: ಏಯ್, ಇಳಿ! ಕೂತ್ರೆ ನೀನೇ ವಹಿಸ್ಕೊಂಡ ಹಾಗಾಗುತ್ತೆ!

ಅಕ್ಕ: ಆಗ್ಲಿ.

ಭಾಮೈದ: ರಿಪೇರಿನೂ ನಿಂದೇ ಆಗುತ್ತೆ ಅಕ್ಕ.

ಅಕ್ಕ: ಆಗ್ಲಿ ಅಂದ್ನಲ್ಲ.

ಇಬ್ಬರೂ ಮುಖ ಮುಖ ನೋಡಿಕೊಂಡು ನಕ್ಕರು. ಹೊತ್ತ ಮೂಟೆಯನ್ನು ದಾರಿಹೋಕರ ತಲೆಗೆ ದಾಟಿಸಿದವರ ನಗು ಅದು.

ಭಾವ: ಪೂರ್ತಿ? ಎಲ್ಲಾ ಕಾಲಕ್ಕೂ? ಆಮೇಲೆ ಮಾತು ತಪ್ಪಬಾರದು.

ಅಕ್ಕ: ನೀವು ತಪ್ಪಬಾರದು.

ಭಾಮೈದ: ಭಾವ, ನಿಲ್ಲಿ, ಫೋಟೋ ತೆಗೀತೀನಿ. ನಾಳೆ ನಾನು ಒಪ್ಪಿಲ್ಲ ಅಂತ ಅಕ್ಕ ರಾಗ ಎಳೀಬಾರದು ನೋಡಿ. ಸ್ವಲ್ಪ ನಗಿ. ಕೈ ಎತ್ತಿ, ಬಿಟ್ಟುಕೊಟ್ಟ ಹಾಗೆ. ಹಾಂ!

ಕ್ಯಾಮೆರಾ ಕ್ಲಿಕ್ಕೆಂದಿತು. ಅಕ್ಕ ಬಗ್ಗಿ ಟ್ಯಾಂಕಿನ ಕೆಳಗೆ ಏನನ್ನೋ ತಿರುಗಿಸಿದಳು. ಪೆಟ್ರೋಲ್ ಇಳಿಯುವವರೆಗೆ ಸುಮ್ಮನೆ ಕೂತಳು. ಚೋಕ್ ಎಳೆದಳು, ಕೀ ತಿರುಗಿಸಿದಳು. ಟ್ರ್ಯಾಕ್ಟರ್ ಎರಡು ಸಲ ಕೆಮ್ಮಿತು, ಕಪ್ಪು ಹೊಗೆ ಉಗುಳಿ ಡಬ ಡಬ ಶುರುವಾಯಿತು.

ಭಾವ: ಮಳೆಗಾಲ ನಂದು! ಇಳಿ!

ಭಾಮೈದ: ಮಳೆ ಎಲ್ಲಿ ಬಂದಿದೆ? ಒಂದು ಹನಿ ಬೀಳೋವರೆಗೂ ನಂದು! ಇಳಿ ಅಕ್ಕ!

ಕೆಟ್ಟಾಗ ನಿಂದು, ಓಡಿದಾಗ ನಂದು. ಈ ಒಂದು ವಾಕ್ಯದ ಮೇಲೆ ಎಷ್ಟು ಮನೆಗಳು, ಎಷ್ಟು ಆಫೀಸುಗಳು ನಡೆಯುತ್ತಿವೆ ಎಂದು ಯಾರಾದರೂ ಕೂತು ಯೋಚಿಸಬೇಕು. ಅಕ್ಕನಿಗೆ ಆಗ ಪುರುಸೊತ್ತಿರಲಿಲ್ಲ.

ಅಕ್ಕ: ಪೆಟ್ರೋಲ್ ಟ್ಯಾಪ್ ಮುಚ್ಚಿತ್ತು, ಅಷ್ಟೇ.

ಭಾವ: ಯಾರು ಮುಚ್ಚಿದ್ದು?

ಅಕ್ಕ: ನಾನೇ. ಇವನು ಇಂಜಿನ್ ಚಾಲೂ ಮಾಡಿ ಕ್ಯಾಮೆರಾ ಮುಂದೆ ಪೋಸು ಕೊಡ್ತಾ ಇದ್ದಾಗ. ಒಳಗೆ ಉಳಿದ ಪೆಟ್ರೋಲು ಇಲ್ಲೀತನಕ ತಂತು.

ಭಾಮೈದ: ಮೋಸ! ಅಕ್ಕ ಆಗಿ ಹೀಗೆ ಮಾಡೋದಾ?

ಅಕ್ಕ: ನಿಲ್ಲಿಸದೆ ಇದ್ದಿದ್ರೆ ನಿನ್ನ ಭಾವ ಓಡ್ತಾ ಇರೋದನ್ನೇ ಹತ್ತಿ ಹುಲ್ಲಿನ ಮೇಲೆ ಮಾಯ ಆಗ್ತಿದ್ರು. ಅದಿರ್ಲಿ. ಅಪ್ಪ ಹೋಗೋವಾಗ ಈ ಟ್ರ್ಯಾಕ್ಟರ್ ಬಗ್ಗೆ ಏನಂದ್ರೋ?

ಭಾಮೈದ: ಮಕ್ಕಳಿಬ್ಬರೂ ಅರ್ಧರ್ಧ ಇಟ್ಕೊಳ್ಳಿ ಅಂದ್ರು.

ಅಕ್ಕ: ಮಕ್ಕಳಿಬ್ಬರೂ ಅಂದ್ರೆ ಯಾರು ಯಾರು?

ಭಾಮೈದ: ನಾನು... ನೀನು.

ಅಕ್ಕ: ಇವರು ಯಾವಾಗ ಹುಟ್ಟಿದ್ರು ನಮ್ಮಪ್ಪನಿಗೆ?

ಭಾವ ಮತ್ತೆ ಬಾಯಿಗಿಟ್ಟುಕೊಂಡಿದ್ದ ವಿಷಲ್ ತಾನಾಗಿ ಪೀ ಎಂದಿತು.

ಭಾವ: ಅದು... ನಿನ್ನ ಪರವಾಗಿ ಅಲ್ವೇನೇ ನಾನು ಓಡಿಸ್ತಾ ಇದ್ದಿದ್ದು?

ಅಕ್ಕ: ಸವಾರಿಗೆ ನನ್ನ ಪರವಾಗಿ ಬಂದ್ರಿ. ಗುದ್ದಲಿ ಹಿಡಿಯೋವಾಗ ಯಾಕ್ರೀ ನನ್ನ ಪರವಾಗಿ ಬರಲಿಲ್ಲ?

ಅಕ್ಕ ಗೇರ್ ಹಾಕಿದಳು. ಭಾವ ಪಕ್ಕಕ್ಕೆ ಹಾರಿದ. ಟ್ರ್ಯಾಕ್ಟರ್ ಸಂದು ದಾಟಿ, ಹುಲ್ಲನ್ನು ಓರೆಯಾಗಿ ತುಳಿದು, ನೇರ ತರಕಾರಿ ಮಡಿಗೆ ನುಗ್ಗಿತು. ಹಿಂದೆ ಕಟ್ಟಿದ ಪುಟ್ಟ ನೇಗಿಲು ಮಣ್ಣಿಗಿಳಿಯಿತು.

ಅಕ್ಕ: ನೋಡ್ತಾ ನಿಂತ್ರೆ ಹೇಗೆ? ಇಬ್ಬರೂ ಬನ್ನಿ. ಸಾಲಿನ ಹಿಂದೆ ಬೀಜ ಹಾಕ್ತಾ ಬನ್ನಿ. ಲೋ, ಒಂದೊಂದೇ ಹಾಕೋ, ಮುಷ್ಟಿಗಟ್ಟಲೆ ಸುರೀಬೇಡ!

ಡ್ರಿಲ್ ಮೇಷ್ಟ್ರೂ ಅವರ ಶಿಷ್ಯನೂ ಸಾಲು ತಪ್ಪದೆ ಹಿಂದೆ ಹಿಂದೆ ನಡೆದರು. ಕೊನೆಯ ಸಾಲು ಮುಗಿಯುವುದಕ್ಕೂ ಮಳೆ ಸುರಿಯುವುದಕ್ಕೂ ಸರಿಹೋಯಿತು. ಅಕ್ಕ ಇಳಿದಳು. ಟ್ರ್ಯಾಕ್ಟರ್ ಟೈರಿನಿಂದ ಸೀಟಿನವರೆಗೂ ಕೆಸರು.

ಭಾವ: ನಿನ್ನ ಮಡಿ ಮುಗೀತಲ್ಲ. ಈಗ ಮಳೆಗಾಲನೂ ಬಂತು. ಕೀ ಕೊಡು.

ಅಕ್ಕ: ಇನ್ಮೇಲೆ ಇದಕ್ಕೆ ಮಳೆಗಾಲ, ಚಳಿಗಾಲ, ಬೇಸಿಗೆಗಾಲ ಏನೂ ಇಲ್ಲ. ಎರಡೇ ಕಾಲ. ನಾನು ಓಡಿಸೋ ಕಾಲ, ನೀವಿಬ್ಬರೂ ಒರೆಸೋ ಕಾಲ.

ಕೀಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಒಳಗೆ ಹೋದಳು. ಇಬ್ಬರೂ ಮಳೆಯಲ್ಲಿ ನಿಂತು ಕೆಸರಿನ ಮುದ್ದೆಯನ್ನು ನೋಡಿದರು.

ಭಾಮೈದ: ಭಾವ, ಈ ಒರೆಸೋ ಕಾಲ ಯಾವಾಗಿಂದ ಶುರು?

ಭಾವ: ನಿಂದು ಈಗಿಂದ. ನಂದು ಅದು ಒಣಗಿದ ಮೇಲೆ.